ಗ್ರಂಥಾಲಯಕ್ಕೆ ಬಂದವರು ಮತ್ತೆ ಬರಬೇಕಲ್ವಾ?

ಪ್ರಶ್ನೆ: ನಮ್ಮದು ಮುಳಬಾಗಿಲು ಕಡೆಯ ಹಳ್ಳಿ. ಪಂಚಾಯ್ತಿ ಗ್ರಂಥಾಲಯದಲ್ಲಿ ಹಾಡು, ನಾಟಕ ಅಂತ ಶುರು ಮಾಡಿದೆವು. ಮೊದಮೊದಲು ಶಾಲೆಯವರು, ಸ್ತ್ರೀಶಕ್ತಿ ಸಂಘದವರು, ತಮಟೆ ತಂಡದವರು ಎಲ್ಲರೂ ಬಂದರು. ಈಗ ಫೋನ್ ಮಾಡಿದರೆ 'ನೋಡೋಣ' ಅಂತಾರೆ. ಏನು ಮಾಡೋದು?

ಉತ್ತರ: ನೀವು ಕರೆದಿರಿ, ಅವರು ಬಂದರು. ಅದರಿಂದ ಅವರಿಗೆ ಏನು ಸಿಕ್ಕಿತು ಅಂತ ಕೇಳಿದ್ದೀರಾ? ಸಂಘದ ಹೆಂಗಸರು ಯಾರದೋ ಮನೆ ಜಗಲಿ ಮೇಲೆ ಕೂತು ಉಳಿತಾಯದ ಲೆಕ್ಕ ಬರೆಯುತ್ತಿರುತ್ತಾರೆ. ವಾರಕ್ಕೆ ಒಂದು ಗಂಟೆ ಗ್ರಂಥಾಲಯದ ಮೇಜು, ಫ್ಯಾನು ಅವರಿಗೆ ಬಿಟ್ಟುಕೊಡಿ, ಆಮೇಲೆ ಕಾರ್ಯಕ್ರಮಕ್ಕೆ ಅವರೇ ನಾಲ್ಕು ಜನರನ್ನು ಕರೆತರುತ್ತಾರೆ. ತಮಟೆಯವರಿಗೆ ಸುಮ್ನೆ ಶಾಲು ಹೊದಿಸಿ ಕಳಿಸಬೇಡಿ. ಕೂಲಿ ಬಿಟ್ಟು ಬಂದಿರುತ್ತಾರೆ, ಸಂಭಾವನೆ, ಬಸ್ ಚಾರ್ಜು ಅವತ್ತೇ ಕೈಗೆ ಕೊಡಿ. (ಶಾಲು ಅವರ ಮನೇಲಿ ಬೇಕಾದಷ್ಟಿರುತ್ತೆ.) ಶಾಲೆಯವರನ್ನು ಮಾರ್ಚ್‌ನಲ್ಲಿ ಕೇಳಲೇಬೇಡಿ.

ದಿನ ಪದೇಪದೇ ಬದಲಿಸಬೇಡಿ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ 'ಹುಣ್ಣಿಮೆ ಹಾಡು' ಕಾರ್ಯಕ್ರಮ ಅಂದರೆ ಹುಣ್ಣಿಮೆಗೇ; ಅದನ್ನು ನೆನಪಿಡಲು ಆಹ್ವಾನ ಪತ್ರಿಕೆ ಬೇಕಾ?

ಇನ್ನು ಪಂಚಾಯ್ತಿ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಹಾಗಾಗಿ ನೀವು ಹಿಡಿಯಬೇಕಾದ್ದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೇ. ಆದರೆ ಪಿಡಿಒ, ಅಧ್ಯಕ್ಷರು ಬದಲಾಗುತ್ತಾರೆ, ಬಾಯಿಮಾತು ಅವರ ಜೊತೆಗೇ ಹೋಗುತ್ತೆ. ಯಾವ ದಿನ ಯಾರಿಗೆ ಜಾಗ, ಬೀಗದ ಕೈ ಯಾರ ಹತ್ತಿರ, ಇಷ್ಟನ್ನು ಸಾಮಾನ್ಯ ಸಭೆಯ ನಡಾವಳಿಯಲ್ಲಿ ಬರೆಸಿ. ನಕಲು ಒಂದು ನಿಮ್ಮ ಹತ್ತಿರ, ಒಂದು ಸಂಘದವರ ಹತ್ತಿರ ಇರಲಿ.