ಜರ್ಮನ್ ಕಲಾವಿದೆ ಕೇಥೆ ಕೊಲ್ವಿಟ್ಸ್ ಅವರ ‘ಸತ್ತ ಮಗುವಿನೊಂದಿಗೆ ಹೆಂಗಸು’ ಚಿತ್ರ ನೋಡಿದರೆ ಅಷ್ಟು ಸಂಕಟ ಯಾಕಾಗುತ್ತದೆ?

ಅದರಲ್ಲಿ ಕಾಣುವುದು ಅಳುವ ತಾಯಿಯಲ್ಲ, ಮಗುವನ್ನು ಬಿಟ್ಟುಕೊಡಲು ಒಪ್ಪದ ಒಂದು ಮೈ. ಅದಕ್ಕೇ ಸಂಕಟ.

1903ರ ಈ ಎಚಿಂಗ್‌ನಲ್ಲಿ, ಅಂದರೆ ಲೋಹದ ತಗಡಿನಿಂದ ಕಾಗದದ ಮೇಲೆ ಅಚ್ಚೊತ್ತಿದ ಚಿತ್ರದಲ್ಲಿ, ಕಣ್ಣೀರಿಲ್ಲ, ಕೋಣೆಯಿಲ್ಲ, ಮೈಮೇಲೆ ಬಟ್ಟೆಯೂ ಇಲ್ಲ. ತಾಯಿ ಮಗುವಿನ ಎದೆಗೆ ಮುಖ ಒತ್ತಿಕೊಂಡು ಕೂತಿದ್ದಾಳೆ. ಅವಳ ಮಂಡಿ, ತೋಳು, ಬೆನ್ನು ಸೇರಿ ಇಡೀ ಹಾಳೆಯನ್ನೇ ತುಂಬಿಬಿಟ್ಟಿವೆ. ನಮ್ಮ ಕಣ್ಣಿಗೆ ತಪ್ಪಿಸಿಕೊಳ್ಳಲು ಬೇರೆ ಜಾಗವೇ ಸಿಗುವುದಿಲ್ಲ.

ಇನ್ನೊಂದು ಕಾರಣ ಎಚಿಂಗ್ ಮಾಡುವ ರೀತಿ. ಲೋಹದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಗೀರಿ, ಆಸಿಡ್‌ನಲ್ಲಿ ಅದ್ದುತ್ತಾರೆ. ಗೀರಿದ ಕಡೆ ಆಸಿಡ್ ಲೋಹವನ್ನು ತಿನ್ನುತ್ತದೆ. ಗುಂಡಿ ಆಳವಾದಷ್ಟೂ ಅದರಲ್ಲಿ ಶಾಯಿ ಜಾಸ್ತಿ ನಿಲ್ಲುತ್ತದೆ, ಗೆರೆ ಕಪ್ಪಾಗುತ್ತದೆ. ಕೊಲ್ವಿಟ್ಸ್ ಸಾಲದ್ದಕ್ಕೆ ಮರಳುಕಾಗದವನ್ನೂ ಬಳಸಿದರು. ಹಾಗಾಗಿ ತಾಯಿಯ ಮೈ ಒರಟಾಗಿ, ಭಾರವಾಗಿ ಕಾಣುತ್ತದೆ. ಮಗುವಿನ ಮುಖ ಮಾತ್ರ ಬೆಳ್ಳಗೆ, ನುಣುಪಾಗಿದೆ. ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಅಲ್ವಾ?

 

ಈ ಚಿತ್ರಕ್ಕೆ ಕೊಲ್ವಿಟ್ಸ್ ಕನ್ನಡಿ ಮುಂದೆ ತಾವೇ ಮಾದರಿಯಾಗಿ ಕೂತಿದ್ದರು, ತೋಳಲ್ಲಿ ಏಳು ವರ್ಷದ ಮಗ ಪೀಟರ್. ಅವನು 1914ರ ಅಕ್ಟೋಬರ್‌ನಲ್ಲಿ ಯುದ್ಧದಲ್ಲಿ ಸತ್ತ. ಅದು ಗೊತ್ತಿದ್ದರೆ ಚಿತ್ರ ಇನ್ನೂ ಭಾರ ಅನಿಸುತ್ತದೆ, ನಿಜ. ಆದರೆ ನನ್ನ ಪ್ರಕಾರ, ಗೊತ್ತಿಲ್ಲದಿದ್ದರೂ ಅದರ ತೀವ್ರತೆ ಏನೂ ಕಡಿಮೆಯಾಗುವುದಿಲ್ಲ.