ಓದುಗರ ಪ್ರಶ್ನೆ: ಜಿ.729ರ ‘ಎ’ ಮತ್ತು ‘ಬಿ’ ಒಂದಕ್ಕೊಂದು ಹೊಂದುತ್ತವೆಯೇ?

ಪ್ರಶ್ನೆ: ನಮ್ಮದು ಶಿರಸಿಯ ಅಡಿಕೆ ವ್ಯವಹಾರದ ಸಹಕಾರಿ ಸಂಘ, ಕುಮಟಾ, ಕಾರವಾರಗಳಲ್ಲಿ ಶಾಖೆಗಳಿವೆ. ಮುಕ್ತ ತಂತ್ರಾಂಶವಾದ ಆಸ್ಟರಿಸ್ಕ್ ಮೂಲಕ ಮೂರೂ ಕಡೆ ಐಪಿ ಫೋನ್ ಜೋಡಿಸಿದ್ದೇವೆ. ಇಬ್ಬರೇ ಮಾತನಾಡುವಾಗ ದನಿ ಸ್ಪಷ್ಟವಾಗಿರುತ್ತದೆ. ಮೂವರೂ ಕಾನ್ಫರೆನ್ಸ್‌ನಲ್ಲಿ ಸೇರಿದರೆ, ಯಾರಾದರೂ ಮಾತು ನಿಲ್ಲಿಸಿದಾಗಲೆಲ್ಲ ಕರಕರ ಸದ್ದು ಬರುತ್ತದೆ. ಫೋನಿನ ಕೈಪಿಡಿಯಲ್ಲಿ ಜಿ.729ಎಬಿ ಎಂದೂ ಸರ್ವರಿನ ಕೊಡೆಕ್‌ನಲ್ಲಿ (ದನಿಯನ್ನು ಕುಗ್ಗಿಸಿ, ಮತ್ತೆ ಬಿಡಿಸುವ ತಂತ್ರಾಂಶ) ಜಿ.729ಎ ಎಂದೂ ಇದೆ. ದೋಷ ಇದರದ್ದೇ?
– ಓದುಗರು, ಶಿರಸಿ

ಉತ್ತರ: ತಾವು ಕೊಟ್ಟ ವಿವರದಲ್ಲಿಯೇ ಸುಳಿವಿದೆ. ‘ಎ’ ಬಗ್ಗೆ ಚಿಂತೆ ಬೇಡ, ಸಂಶಯಪಡಬೇಕಾದದ್ದು ‘ಬಿ’ಯನ್ನು.

1996ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಪ್ರಕಟಿಸಿದ, ದನಿ ಕುಗ್ಗಿಸುವ ಮಾನಕವಾದ ಜಿ.729, 10 ಮಿಲಿಸೆಕೆಂಡಿನ ದನಿಯನ್ನು 10 ಬೈಟಿನ ಒಂದು ಫ್ರೇಮಿಗೆ (ತುಣುಕಿಗೆ) ಇಳಿಸುತ್ತದೆ. ಅದಕ್ಕೆ ಸೇರಿಸಿದ ಅನುಬಂಧ ‘ಎ’ ಲೆಕ್ಕಾಚಾರದ ಹೊರೆಯನ್ನಷ್ಟೇ ತಗ್ಗಿಸಿತು. ಬೈಟ್‌ಗಳ ವಿನ್ಯಾಸ ಬದಲಾಗಲಿಲ್ಲವಾದ್ದರಿಂದ ಒಂದು ಕಳಿಸಿದ್ದನ್ನು ಇನ್ನೊಂದು ಸರಾಗವಾಗಿ ಬಿಡಿಸುತ್ತದೆ. ಅನುಬಂಧ ‘ಬಿ’ ಹಾಗಲ್ಲ. ಮಾತು ನಿಂತಿತೆಂದು ಅನಿಸಿದೊಡನೆ ಅದು ದನಿ ಕಳಿಸುವುದನ್ನು ನಿಲ್ಲಿಸಿ, ಹಿನ್ನೆಲೆ ಸದ್ದಿನ ಗುಣವನ್ನು ತಿಳಿಸುವ 2 ಬೈಟಿನ ಚಿಕ್ಕ ಫ್ರೇಮ್ ಕಳಿಸುತ್ತದೆ. ಕೇಳುವ ಕಡೆಯ ಯಂತ್ರ ಅದನ್ನು ನೋಡಿ ಕೃತಕ ಹಿನ್ನೆಲೆ ಸದ್ದನ್ನು ಹುಟ್ಟಿಸಿಕೊಳ್ಳಬೇಕು. (ಆಷಾಢದ ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುವಾಗ ಅದೂ ಹಿನ್ನೆಲೆ ಸದ್ದೆನಿಸಿ, ಕಾರವಾರದವರಿಗೆ ನಕಲು ಮಳೆ ಕೇಳಿಸಬಹುದು.)

ಸಾಮಾನ್ಯವಾಗಿ ಒಂದು ಪ್ಯಾಕೆಟ್‌ನಲ್ಲಿ ಎರಡು ಫ್ರೇಮ್, ಅಂದರೆ 20 ಬೈಟ್ ಇರುತ್ತದೆ. ಮಾತು ನಿಲ್ಲುವ ಗಳಿಗೆಯಲ್ಲಿ ಮಾತ್ರ 12 ಬೈಟಿನದೋ 2 ಬೈಟಿನದೋ ಬರುತ್ತದೆ. ಇಬ್ಬರೇ ಮಾತನಾಡುವಾಗ, ಎರಡೂ ಫೋನಿನ ಕೊಡೆಕ್ ಒಂದೇ ಆಗಿದ್ದರೆ, ಸರ್ವರ್ ಪ್ಯಾಕೆಟ್ ಬಿಚ್ಚದೆ ದಾಟಿಸುತ್ತದೆ. ಕಾನ್ಫರೆನ್ಸ್‌ನಲ್ಲಿ ದನಿಗಳನ್ನು ಬೆರೆಸಬೇಕಾದ್ದರಿಂದ ಬಿಚ್ಚಲೇಬೇಕು. ಆಗ ‘ಬಿ’ ಅರಿಯದ ಡಿಕೋಡರ್ 2 ಬೈಟಿನ ತುಣುಕನ್ನೂ ದನಿಯೆಂದೇ ಬಿಡಿಸಲು ಹೋದರೆ ಕರಕರ ಅನ್ನದೆ ಇನ್ನೇನು ಮಾಡೀತು? ಜಾಲದಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಪ್ಯಾಕೆಟ್‌ಗಳ ಉದ್ದ ನೋಡಿದರೆ ಖಚಿತವಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ಕರೆ ಕೂಡಿಸುವಾಗ, ‘ಬಿ’ ಬಳಸಬಹುದೇ ಎಂದು ತಿಳಿಸುವ ‘ಅನೆಕ್ಸ್‌ಬಿ’ ಎಂಬ ಸೂಚನೆಯನ್ನು ಬರೆಯದೇ ಬಿಟ್ಟರೆ ಅದು ‘ಯೆಸ್’ ಎಂದೇ ಲೆಕ್ಕ. ಎರಡರಲ್ಲಿ ಯಾವ ಕಡೆಯವರು ‘ನೋ’ ಅಂದರೂ ‘ಬಿ’ ಬಳಸಕೂಡದೆಂದು ಇಂಟರ್‌ನೆಟ್ ಮಾನಕಗಳ ದಾಖಲೆಯಾದ ಆರ್‌ಎಫ್‌ಸಿ 7261 ಸ್ಪಷ್ಟಪಡಿಸಿದ್ದು 2014ರಲ್ಲಿ. ಅದಕ್ಕಿಂತ ಹಳೆಯ ಫೋನುಗಳು ‘ನೋ’ ಎಂದರೂ ಕೇಳಲಿಕ್ಕಿಲ್ಲ.

ಆದ್ದರಿಂದ ಸರ್ವರಿನ ಸೂಚನೆಯೊಂದನ್ನೇ ನಂಬದೆ, ಪ್ರತಿ ಫೋನಿನ ಸೆಟ್ಟಿಂಗ್‌ನಲ್ಲೂ ‘ಸೈಲೆನ್ಸ್ ಸಪ್ರೆಷನ್’ ಅಥವಾ ‘ವಿಎಡಿ’ ಎಂದಿರುವುದನ್ನು (ಮಾತು ನಿಂತಾಗ ದನಿ ಕಳಿಸದಿರುವ ಆಯ್ಕೆ) ಆಫ್ ಮಾಡಿ. ಹೆಡರ್ (ಪ್ಯಾಕೆಟ್‌ನ ವಿಳಾಸದ ಭಾಗ) ಸೇರಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 24 ಕಿಲೋಬಿಟ್ ಸತತವಾಗಿ ಹರಿಯುತ್ತದೆ, ಅಷ್ಟೇ. ಉಳಿತಾಯದ ಆಸೆಗೆ ‘ಬಿ’ ಇಟ್ಟುಕೊಳ್ಳುವಷ್ಟು ದೊಡ್ಡ ಮೊತ್ತ ಇದಲ್ಲವೆಂದು ನನ್ನ ಅಭಿಪ್ರಾಯ. ‘ಬಿ’ ಬೇಕೇ ಬೇಕೆಂದಾದರೆ, ಎರಡೂ ಅನುಬಂಧಗಳನ್ನು ಬಲ್ಲ ಬಿಸಿಜಿ729 ಎಂಬ ಮುಕ್ತ ಲೈಬ್ರರಿಯನ್ನು ಆಧರಿಸಿದ ಕೊಡೆಕ್ ಹಾಕಿಸಿಕೊಳ್ಳಬಹುದು.