ಊರಲ್ಲಿ ತುರ್ತು ತಂಡ ಕಟ್ಟುವುದಾದರೆ ಹಗ್ಗಕ್ಕಿಂತ ಮೊದಲು ಪಟ್ಟಿ

ನೀವು ಎರಡು ವಿಷಯ ಕೇಳಿದ್ದೀರಿ. ಕುಮಟಾ ಕಡೆ ಗುಡ್ಡದ ಬುಡದ ಊರು ನಿಮ್ಮದು, ಯುವಕ ಮಂಡಲದ ಹತ್ತಿರ ಸ್ವಲ್ಪ ದುಡ್ಡಿದೆ, ಮಳೆಗಾಲಕ್ಕೆ ಮೊದಲು ಏನೇನು ಸಾಮಾನು ತೆಗೆಯಬೇಕು ಅಂತ ಒಂದು. ಗುಡ್ಡ ಜರಿದ ದಿನ ಪೊಲೀಸರು, ಅಗ್ನಿಶಾಮಕದವರು ನಮ್ಮನ್ನು ಜೊತೆಗೆ ಸೇರಿಸಿಕೊಳ್ಳುತ್ತಾರಾ ಇಲ್ಲಾ ಲಾಠಿ ತೋರಿಸಿ ಓಡಿಸುತ್ತಾರಾ ಅಂತ ಇನ್ನೊಂದು. ನಾನಿರುವುದು ಸಂಪಾಜೆ ಕಡೆ, ದಕ್ಷಿಣ ಕನ್ನಡ–ಕೊಡಗು ಗಡಿಯಲ್ಲಿ. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡಗಳು ಜರಿದ ಮೇಲೆ ನಮ್ಮಲ್ಲೂ ಇಂಥದ್ದೊಂದು ತಂಡ ಹುಟ್ಟಿಕೊಂಡಿತು. ಅದರಲ್ಲಿ ಓಡಾಡುವವನಾಗಿ ಹೇಳುತ್ತಿದ್ದೇನೆ.

ಸಾಮಾನಿನ ಮಾತು ಆಮೇಲೆ. ಮೊದಲು ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ಒಂದೊಂದು ಮನೆಗೆ ಒಂದೊಂದು ಪುಟ. ಮನೆಯಲ್ಲಿ ಎಷ್ಟು ಜನ ಅನ್ನುವುದು ಪಂಚಾಯತಿಯಲ್ಲೂ ಸಿಗುತ್ತದೆ, ಅದಷ್ಟೇ ಸಾಲದು. ರಾತ್ರಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಗುಡ್ಡದ ಕಡೆಯ ಗೋಡೆಗೆ ತಾಗಿ ಮಲಗುವವರು ಯಾರು, ಎತ್ತಿಕೊಂಡೇ ಬರಬೇಕಾದ ಅಜ್ಜ ಅಜ್ಜಿ ಇದ್ದಾರಾ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರಿದ್ದಾರಾ, ದಿನ ತುಂಬಿದ ಬಸುರಿ ಇದ್ದಾರಾ, ಕೊಟ್ಟಿಗೆಯಲ್ಲಿ ಎಷ್ಟು ದನ. ಆಶಾ ಕಾರ್ಯಕರ್ತೆಯನ್ನು ತಂಡಕ್ಕೆ ಸೇರಿಸಿಕೊಂಡರೆ ಈ ಕೆಲಸ ಅರ್ಧ ಮುಗಿದ ಹಾಗೆ, ಅವರಿಗೆ ಗೊತ್ತಿಲ್ಲದ ಮನೆಯೇ ಇರುವುದಿಲ್ಲ. ಆದರೆ ಯಾರದ್ದೇ ಕಾಯಿಲೆಯ ವಿಷಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಪುಸ್ತಕ ಪುಸ್ತಕವಾಗಿಯೇ ಇರಲಿ, ಇಬ್ಬರ ಮನೆಯಲ್ಲಿ ಒಂದೊಂದು ಪ್ರತಿ.

ಎಲ್ಲರೂ ಮರೆಯುವ ಪುಟ ಒಂದಿದೆ. ನಮ್ಮ ಕಡೆಯಾದರೆ ತೋಟದ ಕೂಲಿಯವರು ಇರುವ ಲೈನ್ ಮನೆಗಳು, ನಿಮ್ಮ ಕಡೆಯಾದರೆ ಹೆದ್ದಾರಿ ಕೆಲಸದವರ ಶೆಡ್ಡುಗಳು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಹೆಸರು ಸಾಮಾನ್ಯವಾಗಿ ಇಲ್ಲಿನ ವೋಟರ್ ಪಟ್ಟಿಯಲ್ಲಿ ಇರುವುದಿಲ್ಲ. ಶೆಡ್ ಹಾಕಿಕೊಡುವುದು ಮಾತ್ರ ಗುಡ್ಡ ಕಡಿದ ಜಾಗದಲ್ಲೇ. ಮಣ್ಣು ಬಿದ್ದ ಮೇಲೆ ಒಳಗೆ ಎಷ್ಟು ಜನ ಇದ್ದರು ಅಂತ ಅಧಿಕಾರಿ ಕೇಳಿದರೆ ಉತ್ತರ ಹೇಳುವವರೇ ಇರುವುದಿಲ್ಲ. ಮೇಸ್ತ್ರಿಯ ನಂಬರು, ಶೆಡ್ಡಿನಲ್ಲಿ ಮಲಗುವವರ ಲೆಕ್ಕ ತಿಂಗಳಿಗೊಮ್ಮೆ ತಿದ್ದಿಕೊಳ್ಳಿ.

ಇನ್ನು ಎಬ್ಬಿಸುವುದು ಹೇಗೆ. ಕರೆಂಟ್ ಹೋದ ಕೆಲವು ಗಂಟೆಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಆಮೇಲೆ ಗ್ರೂಪೂ ಇಲ್ಲ, ಫೋನೂ ಇಲ್ಲ. ಮಸೀದಿ, ದೇವಸ್ಥಾನ, ಚರ್ಚು ಯಾವುದರಲ್ಲಿ ಮೈಕ್ ಇದೆಯೋ ಅದನ್ನು ಬ್ಯಾಟರಿಯಲ್ಲಿ ಓಡಿಸುವ ಏರ್ಪಾಡು ಮಾಡಿಸಿ. ಅದೂ ಆಗದಿದ್ದರೆ ಜೀಪಿನ ಉದ್ದ ಹಾರ್ನ್. ಯಾವ ಸದ್ದು ಬಂದರೆ ಮನೆ ಬಿಡಬೇಕು ಅಂತ ಮೇ ತಿಂಗಳಲ್ಲೇ ಎಲ್ಲರಿಗೂ ತಿಳಿದಿರಬೇಕು. ಮತ್ತೆ ಶಾಲೆಯ ಬೀಗದ ಕೈ! ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ಅಂತ ಶಾಲೆಯನ್ನು ಗುರುತಿಸಿರುತ್ತಾರೆ, ಹೆಡ್ಮಾಷ್ಟ್ರು ಪೇಟೆಯಲ್ಲಿ ಮನೆ ಮಾಡಿರುತ್ತಾರೆ, ರಾತ್ರಿ ಎರಡು ಗಂಟೆಗೆ ಮಕ್ಕಳು ಮರಿ ಎಲ್ಲ ಜಗಲಿಯಲ್ಲಿ ನೆನೆಯುತ್ತಾ ನಿಂತಿರುತ್ತಾರೆ. ಇನ್ನೊಂದು ಕೀ ಮಾಡಿಸಿ ಶಾಲೆಯ ಪಕ್ಕದ ಮನೆಯಲ್ಲಿಡಿ.

ಆ ಹೊತ್ತಿನವರೆಗೆ ಕಾಯದೆ ಹೊರಡುವುದೇ ಒಳ್ಳೆಯದು. ಗುಡ್ಡ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಅಂಗಳದಲ್ಲೋ ತೋಟದಲ್ಲೋ ಹೊಸ ಬಿರುಕು, ನಿನ್ನೆವರೆಗೆ ಸರಿಯಿದ್ದ ಬಾಗಿಲು ಇವತ್ತು ಹಾಕಲು ಬಾರದಿರುವುದು, ಕರೆಂಟು ಕಂಬ ವಾಲುವುದು, ಒರತೆಯ ನೀರು ಕೆಂಪಾಗುವುದು. ಎಲ್ಲಕ್ಕಿಂತ ಹೆದರಬೇಕಾದದ್ದು ಜಡಿಮಳೆಯಲ್ಲಿ ತೋಡಿನ (ಸಣ್ಣ ಹಳ್ಳದ) ನೀರು ತಟ್ಟನೆ ಇಳಿದರೆ. ಮೇಲೆ ಎಲ್ಲೋ ಮಣ್ಣು ಮರ ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ ಅಂತ ಅರ್ಥ. ಮಳೆಯ ಅಳತೆಯೂ ಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.5 ಮಿಲಿಮೀಟರಿಗೆ ಮುಟ್ಟಿದರೆ ಅದು ಅತ್ಯಂತ ಭಾರಿ ಮಳೆ. ಆದರೆ ವಾರಗಟ್ಟಲೆ ನೀರು ಕುಡಿದು ಕೂತ ಗುಡ್ಡಕ್ಕೆ ಅಷ್ಟು ಬೇಕಾಗಿಲ್ಲ. ನಮ್ಮ ಅಡಿಕೆ ಕೃಷಿಕರಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆದಿಡುವ ಹಿರಿಯರಿದ್ದಾರೆ, ನಿಮ್ಮಲ್ಲೂ ಇರುತ್ತಾರೆ. ಅಂಥವರಲ್ಲಿ ಇಬ್ಬರಿಗೆ “ಇವತ್ತು ರಾತ್ರಿ ಇಲ್ಲಿ ಮಲಗುವುದು ಬೇಡ” ಅಂತ ಹೇಳುವ ಅಧಿಕಾರ ಕೊಡಿ. ಕತ್ತಲಾಗುವ ಮೊದಲು ಹೇಳಬೇಕು. ಹತ್ತು ಸಲ ಹೇಳಿ ಏನೂ ಆಗದಿದ್ದರೂ ಯಾರೂ ಗೇಲಿ ಮಾಡಬಾರದು.

ಇಷ್ಟಾದರೂ ಕೆಲವರು ಮನೆ ಬಿಡುವುದಿಲ್ಲ. ಮೊಂಡುತನ ಅಂತ ಬೈಯುವ ಮೊದಲು ಕೊಟ್ಟಿಗೆ ನೋಡಿ. ಹೆಚ್ಚಿನವರು ಉಳಿಯುವುದು ದನಗಳಿಗೋಸ್ಕರ. ಅವಕ್ಕೆ ಸುರಕ್ಷಿತ ಜಾಗದಲ್ಲೊಂದು ತಗಡಿನ ಮಾಡು, ನಾಲ್ಕು ಕಟ್ಟು ಹುಲ್ಲು ಇದ್ದರೆ ಯಜಮಾನರು ತಾವಾಗಿಯೇ ಹೊರಡುತ್ತಾರೆ.

ಈಗ ಎರಡನೇ ಪ್ರಶ್ನೆ. ಮೊದಲ ಗಂಟೆ ನಿಮ್ಮದೇ, ಬೇರೆ ಯಾರೂ ಅಷ್ಟು ಬೇಗ ಮುಟ್ಟುವುದಿಲ್ಲ. ಆದರೆ ನಿಮ್ಮ ಕೆಲಸ ಜನರನ್ನು ಸರಿಸುವುದು, ಲೆಕ್ಕ ಒಪ್ಪಿಸುವುದು, ದಾರಿ ಬಿಡಿಸಿಕೊಡುವುದು. ಮಣ್ಣಿನೊಳಗೆ ಹುಡುಕುವ ಕೆಲಸಕ್ಕೆ ಇಳಿಯಬೇಡಿ. ನಿಮ್ಮ ಪಕ್ಕದ ಶಿರೂರಿನಲ್ಲೇ ನೋಡಿದ್ದೀರಿ: 2024ರ ಜುಲೈ 16ಕ್ಕೆ ಗುಡ್ಡ ಜರಿಯಿತು, ಗಂಗಾವಳಿ ನದಿಯೊಳಗೆ ಬಿದ್ದಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ, ಹೂಳೆತ್ತುವ ಡ್ರೆಜರ್ ತರಿಸಿದ ಮೇಲೆ. ಅದೇ ಜುಲೈ 30ರಂದು ವಯನಾಡಿನಲ್ಲಿ ಮೊದಲ ಕುಸಿತ ರಾತ್ರಿ 1ರ ಸುಮಾರಿಗೆ, ಇನ್ನೊಂದು 4ರ ಸುಮಾರಿಗೆ. ಒಮ್ಮೆ ಜರಿದ ಕಡೆ ಮತ್ತೆ ಜರಿಯುತ್ತದೆ ಅಂತಲೇ ತಿಳಿದು ನಡೆಯಿರಿ.

ಪೊಲೀಸರು ಓಡಿಸುವುದು ಗುರುತಿಲ್ಲದವರನ್ನು. ಅದು ಅವರ ತಪ್ಪೂ ಅಲ್ಲ. 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ಬಿದ್ದಾಗ ಮೊದಲು ಇಳಿದು ಹೋದವರು ಆಸುಪಾಸಿನ ಜನರೇ. ಆದರೆ ಅಲ್ಲಿನ ಇಕ್ಕಟ್ಟು ರಸ್ತೆಯಲ್ಲಿ ನೋಡಲು ಬಂದವರ ದಂಡು ಸೇರಿ ರಕ್ಷಣಾ ವಾಹನಗಳಿಗೆ ತೊಡಕಾಯಿತು. ಸಹಾಯಕ್ಕೆ ಬಂದವನು ಯಾರು, ಮೊಬೈಲ್ ಎತ್ತಿ ವಿಡಿಯೋ ಮಾಡಲು ಬಂದವನು ಯಾರು ಅಂತ ಪೇದೆಗೆ ಆ ಗಡಿಬಿಡಿಯಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಮಳೆಗೆ ಮೊದಲೇ ಗುರುತು ಮಾಡಿಕೊಳ್ಳಿ. ಹೆಸರು, ಫೋಟೋ, ಫೋನ್ ನಂಬರಿನ ಒಂದು ಹಾಳೆ ಠಾಣೆಗೆ, ಒಂದು ತಹಶೀಲ್ದಾರ್ ಕಚೇರಿಗೆ, ಒಂದು ಪಿಡಿಒಗೆ. ನಿಮ್ಮೂರಿನ ಬೀಟ್ ಪೊಲೀಸನ್ನು ಒಮ್ಮೆ ಊರೊಳಗೆ ನಡೆಸಿಕೊಂಡು ಹೋಗಿ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ), ಒಳದಾರಿ ತೋರಿಸಿ. ಮಳೆಗಾಲದ ಮುಂಚಿನ ತಾಲೂಕು ಸಭೆಗೆ ನಿಮ್ಮಲ್ಲೊಬ್ಬರು ಹೋಗಿ ಕೂರಲಿ. ಮತ್ತೆ ಒಂದು ಮಾತು, ಬೇಜಾರಾದರೂ ಹೇಳಲೇಬೇಕು: ಪಕ್ಷದ, ಸಂಘಟನೆಯ ಶಾಲು ಬಾವುಟ ಮನೆಯಲ್ಲೇ ಇರಲಿ. ಕರಾವಳಿಯಲ್ಲಿ ಅದೊಂದು ಕಂಡರೆ ಸಾಕು, ಅರ್ಧ ಊರು ನಿಮ್ಮ ಜೊತೆ ಬರುವುದಿಲ್ಲ.

ಫೋನ್ ಮಾಡುವುದಕ್ಕೂ ಒಂದು ಕ್ರಮ ಇದೆ. 112 ಒತ್ತಿದರೆ ಎತ್ತುವವರು ನಿಮ್ಮೂರಿನವರಲ್ಲ, “ಭಟ್ರ ಮನೆ ಹತ್ತಿರ” ಅಂದರೆ ಅವರಿಗೆ ತಿಳಿಯುವುದಿಲ್ಲ. ತಾಲೂಕು, ಪಂಚಾಯತಿ, ರಸ್ತೆಯ ಕಿಲೋಮೀಟರ್ ಕಲ್ಲು, ವಾಹನ ಎಲ್ಲಿಯವರೆಗೆ ಬರುತ್ತದೆ, ಇಷ್ಟನ್ನು ಬರೆದು ಎಲ್ಲರ ಮನೆಯ ಗೋಡೆಗೆ ಅಂಟಿಸಿ. ಜಿಲ್ಲಾ ಕಂಟ್ರೋಲ್ ರೂಮಿನ 1077 ಜೊತೆಗೆ ಅದರ ಲ್ಯಾಂಡ್‌ಲೈನ್ ನಂಬರೂ ಇರಲಿ, ಪಕ್ಕದ ತಾಲೂಕಿನದೂ ಇರಲಿ. 2018ರಲ್ಲಿ ಗುಡ್ಡ ಜರಿದ ಜೋಡುಪಾಲ ಕೊಡಗಿನದ್ದೇ ಆದರೂ ಮಡಿಕೇರಿಯ ದಾರಿ ಕಡಿದುಹೋಗಿತ್ತು. ಜನ ಇಳಿದದ್ದು ಕೆಳಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಕಡೆಗೆ, ಅಂದರೆ ಇನ್ನೊಂದು ಜಿಲ್ಲೆಗೆ. ನಿಮಗೂ ದೇವಿಮನೆ ಘಟ್ಟ ಬಂದ್ ಆದರೆ ಶಿರಸಿಯ ನಂಟು ಇಲ್ಲ, ಹೆದ್ದಾರಿಗೆ ಮಣ್ಣು ಬಿದ್ದರೆ ಅಂಕೋಲಾ ಇಲ್ಲ. ಯಾವ ದಾರಿ ಮುಚ್ಚಿದರೆ ಯಾರನ್ನು ಕರೆಯಬೇಕು ಅಂತ ಈಗಲೇ ಮಾತಾಡಿಕೊಳ್ಳಿ.

ಕೊನೆಗೆ ಸಾಮಾನು. ತಲೆಗೆ ಕಟ್ಟುವ ಟಾರ್ಚು, ಸೀಟಿ, ಗಟ್ಟಿ ಹಗ್ಗ, ರೈನ್‌ಕೋಟು, ಪ್ರಥಮ ಚಿಕಿತ್ಸೆಯ ಡಬ್ಬಿ. ಸ್ಟ್ರೆಚರ್‌ಗೆ ಎರಡು ಬಿದಿರು, ಎರಡು ಗೋಣಿ ಸಾಕು. ಮರ ಕೊಯ್ಯುವ ಮಿಷನ್ ಊರಲ್ಲಿ ಯಾರಲ್ಲಾದರೂ ಇದ್ದೇ ಇರುತ್ತದೆ, ಕೊಳ್ಳುವುದು ಬೇಡ. ಆದರೆ ತಂತಿ ಮೇಲೆ ಬಿದ್ದ ಮರವನ್ನು ಲೈನ್‌ಮ್ಯಾನ್ ಲೈನ್ ತೆಗೆದೆ ಅಂತ ಬಾಯಿಬಿಟ್ಟು ಹೇಳುವ ತನಕ ಮುಟ್ಟಬೇಡಿ. ಹೆಸ್ಕಾಂನ ದೂರಿನ ನಂಬರ್ 1912ಕ್ಕಿಂತ ಆ ಲೈನ್‌ಮ್ಯಾನ್ ಅವರ ಸ್ವಂತ ನಂಬರು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆನ್‌ಲೈನಿನಲ್ಲಿ ಕಂಡ ವಾಕಿಟಾಕಿಗೆ ದುಡ್ಡು ಸುರಿಯಬೇಡಿ, ಹೆಚ್ಚಿನವಕ್ಕೆ ಪರವಾನಗಿ ಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ (ಎನ್‌ಡಿಎಂಎ) ಆಪದ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನದ ತರಬೇತಿ ಇದೆ. ನಿಮ್ಮ ಜಿಲ್ಲೆಯಲ್ಲಿ ಮುಂದಿನ ತಂಡ ಯಾವಾಗ ಅಂತ ಡಿಸಿ ಕಚೇರಿಯಲ್ಲಿ ಕೇಳಿ. ದುಬೈಗೋ ಬೆಂಗಳೂರಿಗೋ ಹೊರಟು ನಿಂತವರನ್ನು ಕಳಿಸಬೇಡಿ, ಮಳೆಗಾಲದಲ್ಲಿ ಊರಲ್ಲೇ ಇರುವವರನ್ನು ಕಳಿಸಿ. ಇಷ್ಟೆಲ್ಲ ಆಗಿ ಉಳಿದ ದುಡ್ಡನ್ನು ಹಿಟಾಚಿಯ ಡೀಸೆಲಿಗೆ ಎತ್ತಿಡಿ. ಸರ್ಕಾರದ ಬಿಲ್ಲು ಪಾಸಾಗುವವರೆಗೆ ಪಾಪ ಆ ಹಿಟಾಚಿಯವನು ಕೈಯಿಂದ ಹಾಕಿಕೊಂಡು ರಸ್ತೆ ಬಿಡಿಸಬೇಕು ಅನ್ನುವುದು ನ್ಯಾಯವಲ್ಲ.